ಕಬ್ಬಿನ ಹೊಲದಿಂದ ನೆಪ್ಚೂನಿನ ಆಚೆಗೆ

ಗೋಕಾಕ ಕಡೆಯ ತುಕ್ಕಾನಟ್ಟಿಯ ಸುತ್ತಮುತ್ತ ಕಬ್ಬು ಹನ್ನೊಂದು ಅಡಿ ಎತ್ತರ ಬೆಳೆದರೆ ಅದೇನೂ ಸುದ್ದಿಯಲ್ಲ. ಆದರೆ ಆ ಕಬ್ಬಿನ ಒಂದೇ ಒಂದು ಜೀವಕೋಶದೊಳಗಿನ ಡಿಎನ್ಎ ಎಳೆಗಳನ್ನು ಬಿಡಿಸಿ ತುದಿಗೆ ತುದಿ ಸೇರಿಸಿದರೆ, ಅದರ ಉದ್ದವೂ ಹೆಚ್ಚುಕಡಿಮೆ ಹನ್ನೊಂದು ಅಡಿ! ಇಡೀ ಕಬ್ಬು ಎಷ್ಟು ಉದ್ದವೋ, ಅದರ ಕಣ್ಣಿಗೆ ಕಾಣದ ಕಣವೊಂದರಲ್ಲಿ ಸುತ್ತಿಟ್ಟ ದಾರವೂ ಅಷ್ಟೇ ಉದ್ದ.

ಲೆಕ್ಕ ಸರಳ. ಕಬ್ಬಿನ ಜೀವಕೋಶದಲ್ಲಿ ಸುಮಾರು 1000 ಕೋಟಿ ಡಿಎನ್ಎ ಅಕ್ಷರಗಳಿವೆ. ಒಂದು ಅಕ್ಷರದಿಂದ ಇನ್ನೊಂದಕ್ಕೆ ಇರುವ ಅಂತರ 0.34 ನ್ಯಾನೊಮೀಟರ್. ಗುಣಿಸಿದರೆ 3.4 ಮೀಟರ್. ಇಷ್ಟೂ ದಾರ ಇರುವುದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ಕೋಶಕೇಂದ್ರದಲ್ಲಿ. ಆ ಕೋಶಕೇಂದ್ರವನ್ನು ಕೈಯಲ್ಲಿ ಹಿಡಿಯುವಷ್ಟು, ಅಂದರೆ 10 ಸೆಂಟಿಮೀಟರಿನ ಚೆಂಡಿನಷ್ಟು ಹಿಗ್ಗಿಸಿದೆವು ಅನ್ನಿ; ಆಗ ಒಳಗಿನ ದಾರ 34 ಕಿಲೋಮೀಟರ್ ಆಗುತ್ತದೆ, ಅಷ್ಟಾದರೂ ತಲೆಗೂದಲಿಗಿಂತ ತೆಳ್ಳಗೇ ಇರುತ್ತದೆ. ಗಂಟು ಬೀಳದಂತೆ ಸುತ್ತಿಟ್ಟಿರುವುದಷ್ಟೇ ಅಲ್ಲ, ಬೇಕಾದ ಕಡೆ ಬಿಚ್ಚಿ ಓದಿ ಮತ್ತೆ ಮಡಚುವ ವ್ಯವಸ್ಥೆಯೂ ಅಲ್ಲಿದೆ.

ಒಂದು ಕೋಶದ ಮಾತು ಇದಾಯಿತು. ಒಂದು ಕಿಲೋ ತೂಗುವ ಕಬ್ಬಿನಲ್ಲಿ ಇಂಥ ಕೋಶಗಳು ಎಷ್ಟಿರಬಹುದು? ಕೋಶದ ಒಂದೊಂದು ಮಗ್ಗುಲು ಮಿಲಿಮೀಟರಿನ ಹತ್ತನೇ ಒಂದು ಭಾಗ ಎಂದು ಹಿಡಿದರೆ 100 ಕೋಟಿ ಆಗುತ್ತದೆ. ಕಬ್ಬಿನಲ್ಲಿ ಸತ್ತ ನಾರಿದೆ, ದೊಡ್ಡ ಕೋಶಗಳೂ ಇವೆ, ಆದ್ದರಿಂದ ಕಾಲು ಪಾಲನ್ನಷ್ಟೇ ಒಪ್ಪೋಣ. 25 ಕೋಟಿ ಕೋಶ, 85 ಕೋಟಿ ಮೀಟರ್, ಅಂದರೆ 8.5 ಲಕ್ಷ ಕಿಲೋಮೀಟರ್. ಚಂದ್ರನಿಗೆ ಹೋಗಿ ಬರುವ ದಾರಿ 7.7 ಲಕ್ಷ. ಜಾತ್ರೆಯಲ್ಲಿ ಹುಡುಗನೊಬ್ಬ ಕಚ್ಚಿಕೊಂಡು ಹೋಗುವ ಒಂದು ಕಬ್ಬಿನಲ್ಲಿ ಚಂದ್ರನಿಗೆ ಹೋಗಿ ಬಂದು ಮಿಗುವಷ್ಟು ದಾರ ಇದೆ!

ಇನ್ನು ಎಕರೆಗೆ 40 ಟನ್ ಇಳುವರಿ ಎನ್ನಿ. ಈ ಭಾಗದಲ್ಲಿ ಅದನ್ನು ಯಾರೂ ದೊಡ್ಡ ಬೆಳೆ ಎನ್ನುವುದಿಲ್ಲ. 40 ಸಾವಿರ ಕಿಲೋ ಕಬ್ಬಿನ ದಾರ 3400 ಕೋಟಿ ಕಿಲೋಮೀಟರ್. ಸೂರ್ಯನಿಂದ ನೆಪ್ಚೂನಿಗೆ 450 ಕೋಟಿ. 1977ರಲ್ಲಿ ಭೂಮಿ ಬಿಟ್ಟ ವಾಯೇಜರ್-1 ನೌಕೆ ಇಷ್ಟು ವರ್ಷ ಓಡಿ ತಲುಪಿರುವ ದೂರ ಸುಮಾರು 2500 ಕೋಟಿ. ಒಂದೇ ಎಕರೆಯ ಕಬ್ಬು ಅದನ್ನೂ ಹಿಂದೆ ಹಾಕಿತು. ಹಿಡಕಲ್ ಜಲಾಶಯದ 51 ಟಿಎಂಸಿ ಲೆಕ್ಕ ಗೋಕಾಕ, ಹುಕ್ಕೇರಿ ಕಡೆ ಚಹಾ ಅಂಗಡಿಯಲ್ಲೂ ಬಾಯಿಪಾಠ. ಆ ನೀರು ಕುಡಿದು ಬೆಳೆದ ಕಬ್ಬಿನ ಈ ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ.

ಕಬ್ಬಿನ ಜೀನೋಮು ಮನುಷ್ಯನದಕ್ಕಿಂತ ಮೂರು ಪಟ್ಟು ದೊಡ್ಡದು ಎಂದು ಆಗಾಗ ಓದುತ್ತೇವೆ. ಅದರಲ್ಲಿ ಸ್ವಲ್ಪ ಮೋಸವಿದೆ. ಮನುಷ್ಯನ 300 ಕೋಟಿ ಅಕ್ಷರ ಎನ್ನುವುದು ಒಂದು ಪ್ರತಿಯ ಲೆಕ್ಕ, ನಮ್ಮ ಕೋಶದಲ್ಲಿರುವುದು ಎರಡು ಪ್ರತಿ. ಕೋಶಕ್ಕೆ ಕೋಶ ಹೋಲಿಸಿದರೆ 600 ಕೋಟಿಗೆ 1000 ಕೋಟಿ. ಗೋಧಿ ಇದನ್ನೂ ಮೀರುತ್ತದೆ. ಅದರ ಒಂದು ಪ್ರತಿಯೇ 1600 ಕೋಟಿಯ ಹತ್ತಿರ. ಆದರೆ ಕಬ್ಬಿನ ಕಷ್ಟ ಇರುವುದು ಉದ್ದದಲ್ಲಲ್ಲ, ಗೋಜಲಿನಲ್ಲಿ. ಜೋಳದ ಕೋಶದಲ್ಲಿ ಹತ್ತು ಜೊತೆ ವರ್ಣತಂತುಗಳು, ಒಂದು ಪ್ರತಿಗೆ 73 ಕೋಟಿ ಅಕ್ಷರ. 2009ರಲ್ಲೇ ಅದನ್ನು ಓದಿ ಮುಗಿಸಿದರು. ಅದರ ದಾಯಾದಿಯಾದ ಕಬ್ಬಿನಲ್ಲಿ 100ರಿಂದ 130 ವರ್ಣತಂತುಗಳು, ಒಂದೇ ಜೀನಿಗೆ ಹತ್ತು ಹನ್ನೆರಡು ಪ್ರತಿ. ಪ್ರತಿಗಳೋ ಹೆಚ್ಚುಕಡಿಮೆ ಒಂದೇ ಥರ. ಓದಿದ ಚೂರು ಯಾವ ಪ್ರತಿಯದು ಎಂದು ತಿಳಿಯದೆ ವಿಜ್ಞಾನಿಗಳು ವರ್ಷಗಟ್ಟಲೆ ತಡಕಾಡಿದರು. ರಿಯೂನಿಯನ್ ದ್ವೀಪದ ಆರ್570 ಎಂಬ ತಳಿಯ 870 ಕೋಟಿ ಅಕ್ಷರಗಳ ಜೋಡಣೆ ನೇಚರ್ ಪತ್ರಿಕೆಯಲ್ಲಿ ಬಂದದ್ದು 2024ರ ಮಾರ್ಚಿನಲ್ಲಿ.

ಈ ಗೋಜಲಿಗೆ ಒಂದು ಕಾರಣ ಕೊಯಮತ್ತೂರಿನಲ್ಲಿದೆ. 1912ರಲ್ಲಿ ಅಲ್ಲಿ ಕಬ್ಬಿನ ತಳಿ ಕೇಂದ್ರ ಆರಂಭವಾಯಿತು. ಅಲ್ಲಿನ ವಿಜ್ಞಾನಿಗಳಾದ ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್, ನ್ಯೂಗಿನಿ ಮೂಲದ ರಸಭರಿತ ದಪ್ಪ ಕಬ್ಬಿಗೆ ಹಳ್ಳದ ದಂಡೆಯಲ್ಲಿ ಬಿಳಿ ತೆನೆ ಬಿಡುವ ಕಾಡುಕಬ್ಬನ್ನು ಕೂಡಿಸಿದರು. ಒಂದು ಸಿಹಿ, ಆದರೆ ನಾಜೂಕು. ಇನ್ನೊಂದು ಕಡ್ಡಿಯಂಥದ್ದು, ಆದರೆ ಬರಕ್ಕೂ ಬಗ್ಗದ್ದು. ತಾಯಿಯಾದ ಸಿಹಿ ಕಬ್ಬಿಗೆ 80 ವರ್ಣತಂತು, ತಂದೆಯಾದ ಕಾಡುಕಬ್ಬಿಗೆ 64. ಪಾಲು ಅರ್ಧರ್ಧವಾದರೆ ಮಗುವಿಗೆ 72 ಬರಬೇಕು. ಬಂದದ್ದು 112! ತಾಯಿ ತನ್ನ 80ನ್ನೂ ಇಡಿಯಾಗಿ ಕೊಟ್ಟಿದ್ದಳು, ತಂದೆ ಮಾತ್ರ ನಿಯಮದ ಪ್ರಕಾರ 32. ಹಾಗೆ ಹುಟ್ಟಿದ್ದೇ 1918ರಲ್ಲಿ ರೈತರಿಗೆ ಬಿಡುಗಡೆಯಾದ ಕೋ 205. ಮುಂದೆ 1930ರ ದಶಕದಲ್ಲಿ ಅದೇ ಕೇಂದ್ರದಲ್ಲಿ ತಲಶ್ಶೇರಿಯ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಸೂಕ್ಷ್ಮದರ್ಶಕದಡಿ ಈ ವರ್ಣತಂತುಗಳನ್ನು ಒಂದೊಂದಾಗಿ ಎಣಿಸುತ್ತ ಕೂತರು. ಕಬ್ಬಿಗೆ ಗೋವಿನಜೋಳವನ್ನೂ ಕೂಡಿಸಿ ನೋಡಿದರು.

ಚಂದ್ರ, ನೆಪ್ಚೂನು ಎಲ್ಲ ಗುಣಾಕಾರದ ಆಟ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ತಳಿ ಆರಿಸುವವರ ನಡಿಗೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಎಸ್‌ಎನ್‌ಕೆ ಎಂದು ಹೆಸರಿಟ್ಟ ಕಬ್ಬಿನ ತಳಿಗಳೆಲ್ಲ ಅಲ್ಲಿಯವು. ಕಬ್ಬು ಎಲ್ಲ ಕಡೆ ಸರಿಯಾಗಿ ಹೂ ಬಿಡದ ಕಾರಣ ದೇಶದ ಕೇಂದ್ರಗಳಿಗೆಲ್ಲ ಸಂಕರಣ ನಡೆಯುವುದು ಕೊಯಮತ್ತೂರಿನಲ್ಲಿ. ಅಲ್ಲಿಂದ ಬರುವ ಬೀಜವನ್ನು ನೋಡಿದರೆ ಬೀಜ ಎನಿಸುವುದೇ ಇಲ್ಲ, ಊದಿದರೆ ಹಾರಿಹೋಗುವ ಹಿಂಜಿದ ಅರಳೆ. ಒಂದೊಂದು ಬೀಜವೂ ಬೇರೆ ಬೇರೆ ಗುಣದ ಗಿಡ. ಸಾಲು ಸಾಲು ಓಡಾಡಿ, ದಪ್ಪ ನೋಡಿ, ಗರಿಯ ರೋಗ ನೋಡಿ, ಕಬ್ಬಿಗೆ ಸೂಜಿ ಚುಚ್ಚಿ ತೆಗೆದ ಹನಿ ರಸವನ್ನು ಸಿಹಿ ಅಳೆಯುವ ಬ್ರಿಕ್ಸ್ ಮಾಪಕದ ಗಾಜಿಗೆ ಬಿಟ್ಟು ಬಿಸಿಲಿಗೆ ಹಿಡಿದು ಓದಬೇಕು. ಲಕ್ಷದಷ್ಟು ಸಸಿ ನೆಟ್ಟರೆ, ಹತ್ತು ಹನ್ನೆರಡು ವರ್ಷ ಜರಡಿ ಹಿಡಿದ ಮೇಲೆ, ಒಂದು ತಳಿ ಉಳಿದರೆ ಪುಣ್ಯ. 1000 ಕೋಟಿ ಅಕ್ಷರಗಳಲ್ಲಿ ಒಂದನ್ನೂ ಓದದೆ, ಬರೀ ಕಣ್ಣಂದಾಜು ಮತ್ತು ರಸದ ಅಳತೆಯ ಬಲದಲ್ಲಿ ನೂರು ವರ್ಷ ಈ ಕೆಲಸ ನಡೆದಿದೆ.

ಹಾಗೆ ಉಳಿದ ಒಂದು ಸಸಿಯ ಕಥೆ ಕೋ 86032. ಕೋ 62198 ಮತ್ತು ಕೋಸಿ 671ರ ಸಂತಾನ, 2000ದಲ್ಲಿ ಬಿಡುಗಡೆ. "ಯಾವ ಕಬ್ಬ್ ಹಚ್ಚೀರಿ?" ಎಂದು ಇಲ್ಲಿ ಕೇಳಿದರೆ ಉತ್ತರ ಹೆಸರಲ್ಲಿ ಬರುವುದಿಲ್ಲ, ಅಂಕಿಯಲ್ಲೇ ಬರುತ್ತದೆ: ಎಂಬತ್ತಾರು ಝೀರೊ ಮೂವತ್ತೆರಡು, ಇಲ್ಲವೇ ಎರಡನೂರಾ ಅರವತ್ತೈದು. ಕಬ್ಬನ್ನು ಬೀಜದಿಂದ ಬಿತ್ತುವುದಿಲ್ಲ, ಕಣ್ಣಿರುವ ತುಂಡು ನೆಡುತ್ತಾರೆ. ಹಾಗಾಗಿ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ನಿಂತಿರುವ 86032 ಎಲ್ಲವೂ ಒಂದೇ ಬೀಜದ ಒಂದೇ ಗಿಡ, ಲಕ್ಷಾಂತರ ಎಕರೆಗೆ ಹರಡಿದ ಒಂದೇ ಮೈ. ಮೂಡಲಗಿ, ರಾಯಬಾಗ ಕಡೆಯ ಅರಿಸಿನದ್ದೂ ಇದೇ ದಾರಿ. 21ರ ಮೂರು ಪಟ್ಟು, 63 ವರ್ಣತಂತುಗಳು. ಬೆಸ ಲೆಕ್ಕವಾದ್ದರಿಂದ ಸಮಪಾಲು ಆಗದೆ ಸಾಮಾನ್ಯವಾಗಿ ಕಾಳು ಕಟ್ಟುವುದಿಲ್ಲ, ಗಡ್ಡೆಯಿಂದಲೇ ವಂಶ. 

ತುಂಡಿನಿಂದ ಬೆಳೆಯುವುದರ ವೇಗವನ್ನೂ ನೋಡಬೇಕು. ಒಂದು ಬುಡಕ್ಕೆ ಹತ್ತು ಕಬ್ಬು, ಕಬ್ಬಿಗೆ ಒಳ್ಳೆಯ ಕಣ್ಣು ಹತ್ತು ಎಂದರೂ ಮೊದಲ ವರ್ಷ 100 ಕಣ್ಣು. ಎರಡನೇ ವರ್ಷ 10 ಸಾವಿರ, ಮೂರನೇ ವರ್ಷ 10 ಲಕ್ಷ. ಒಂದು ಕಣ್ಣಿನ ಸಸಿಯಾದರೆ ಎಕರೆಗೆ ಐದು ಸಾವಿರ ಸಾಕು; ನಾಲ್ಕನೇ ವರ್ಷದ 10 ಕೋಟಿ ಕಣ್ಣಿಗೆ 20 ಸಾವಿರ ಎಕರೆ ಬೇಕು. ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆಗಳಲ್ಲಿ "ಬೀಜದ ಕಬ್ಬು ನಿರೋಗಿಯಾಗಿರಲಿ" ಎಂದು ಹೇಳಿದ್ದನ್ನೇ ಹೇಳುವುದಕ್ಕೆ ಕಾರಣವೂ ಇದೇ ಗುಣಾಕಾರ. ಬುಡದಲ್ಲಿ ರೋಗ ಇದ್ದರೆ ಅದೂ ನೂರು ಪಟ್ಟಿನ ಲೆಕ್ಕದಲ್ಲೇ ಹೊಲ ದಾಟುತ್ತದೆ. ಉತ್ತರ ಪ್ರದೇಶದ ಬಹುಪಾಲು ಕಬ್ಬಿನ ಹೊಲ ತುಂಬಿದ್ದ ಕೋ 0238ಕ್ಕೆ ಕೆಂಪು ಕೊಳೆ ರೋಗ ತಗುಲಿದಾಗ ಆದದ್ದು ಹೀಗೆಯೇ. ಎಲ್ಲ ಗಿಡಗಳೂ ಒಂದೇ ಗಿಡವಾಗಿದ್ದವು. ಒಂದಕ್ಕೆ ತಡೆಯುವ ಶಕ್ತಿ ಹೋದರೆ ಎಲ್ಲದಕ್ಕೂ ಹೋದಂತೆ. ಅಲ್ಲಿನ ರೈತರಿಗೆ ಆ ತಳಿ ಬಿಟ್ಟು ಬೇರೆ ಹಚ್ಚಿರಿ ಎಂದು ಹೇಳಬೇಕಾಯಿತು.