ಕಡಿದ ಕಬ್ಬಿನ ಸಿಹಿ ಕೆಡುವ ಬಗೆ

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಕಬ್ಬು ಬೆಳೆಯುವ ಜಮೀನುದಾರರು ಅವಶ್ಯವಾಗಿ ತಿಳಿಯತಕ್ಕ ಸಂಗತಿಯೊಂದುಂಟು. ಕಬ್ಬನ್ನು ಕಡಿದ ಮೇಲೂ ಅದರೊಳಗಿನ ಇನ್ವರ್ಟೇಸ್ ಎಂಬ ಕಿಣ್ವವು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಅದು ನೀರಿನ ಅಂಶವನ್ನು ಕೂಡಿಸಿ, ಸಕ್ಕರೆಯ ಒಂದೊಂದು ಅಣುವನ್ನೂ ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆಯುವುದು. ತಾನು ಮಾತ್ರ ಸವೆಯದೆ ಮುಂದಿನ ಅಣುವಿಗೆ ಕೈಹಾಕುವುದು. ಆದಕಾರಣ ಕಿಣ್ವವು ಅತ್ಯಲ್ಪವಾದರೂ ಬಹಳ ಸಕ್ಕರೆಯನ್ನು ಕೆಡಿಸಬಲ್ಲುದು. ಬಿಸಿಲು ಹೆಚ್ಚಿದಷ್ಟೂ ಈ ಕೇಡು ತ್ವರಿತವಾಗುವುದು.

ಇಂಥ ರಸದ ಬೆಲ್ಲವು ಅಚ್ಚಿನಲ್ಲಿ ಗಟ್ಟಿಯಾಗದೆ, ತೇವವನ್ನೆಳೆದು ಜಿಗುಟಾಗಿ, ಬೆಲೆಯನ್ನು ಕಳೆದುಕೊಳ್ಳುವುದು. ಕೊಪ್ಪರಿಗೆಯಲ್ಲಿ ರಸವು ಕುದಿದಾಗ ಕಿಣ್ವವು ನಾಶವಾಗುವುದು ನಿಜ. ಆದರೆ ಒಡೆದ ಸಕ್ಕರೆಯು ಮತ್ತೆ ಕೂಡದು.

ಆದುದರಿಂದ ಆಲೆಮನೆಯ ಸರದಿ ಗೊತ್ತಾದ ಮೇಲೆಯೇ ಕಬ್ಬನ್ನು ಕಡಿದು, 24 ಗಂಟೆಗಳೊಳಗೆ ಅರೆಯತಕ್ಕದ್ದು. ತಡವಾಗುವಂತಿದ್ದರೆ ನೆರಳಿನಲ್ಲಿ ರಾಶಿ ಹಾಕಿ, ಸೋಗೆ ಮುಚ್ಚಿ, ನೀರು ಚಿಮುಕಿಸತಕ್ಕದ್ದು. ಗ್ರಾಮದ ಮುಖಂಡರು ಸರದಿಯನ್ನು ಮೊದಲೇ ಗೊತ್ತುಮಾಡಿಸಿದಲ್ಲಿ ಎಲ್ಲರ ನಷ್ಟವೂ ತಗ್ಗುವುದು.