ಮಂಡಿಯ ಲೆಕ್ಕದಿಂದ ಎಂ.ಕಾಂ. ಪದವಿಯವರೆಗೆ

ಮಂಡಿ ಎಂದರೆ ಸಗಟು ವ್ಯಾಪಾರದ ಸ್ಥಳ. ಮೈಸೂರಿನ ಮಂಡಿ ಮೊಹಲ್ಲಾ ಇಂದಿಗೂ ಆ ಹೆಸರಿಗೆ ತಕ್ಕಂತೆಯೇ ಬಾಳುತ್ತಿದೆ. ಸಂಜೆ ಅಂಗಡಿಗಳ ಬಾಗಿಲು ಎಳೆಯುವ ಹೊತ್ತಿಗೆ ಅಂದಿನ ಜಮಾ-ಖರ್ಚು ತಾಳೆಯಾಗಲೇಬೇಕು. ಸಮೀಪದ ಅಶೋಕ ರಸ್ತೆಯಲ್ಲಿ ತಲೆಯೆತ್ತಿ ನಿಂತಿರುವ ಸಂತ ಫಿಲೋಮಿನಾ ದೇವಾಲಯದ ಅವಳಿ ಗೋಪುರಗಳನ್ನು ನೋಡುತ್ತ ಬೆಳೆದ ನಮ್ಮ ಕುಟುಂಬಗಳ ಮಕ್ಕಳಲ್ಲಿ ಹಲವರಿಗೆ ಬಿ.ಕಾಂ. ಮುಗಿಸಿದ ಮೇಲೆ ದೊರೆಯುವ ಮೊದಲ ಕೆಲಸವೂ ಇಂಥ ಲೆಕ್ಕದ್ದೇ. ಮುಂದೆ ಓದುವ ಆಸೆ ಇದ್ದರೂ ಮನೆಯ ಹೊಣೆ ಅದನ್ನು ಮುಂದೂಡಿಬಿಡುತ್ತದೆ.

ಇಂಥ ಮನೆಯೊಂದನ್ನು ನೆನೆಯೋಣ. ಮಗಳು ಹಗಲೆಲ್ಲ ಲೆಕ್ಕ ಬರೆಯುತ್ತಾಳೆ, ತಂದೆ ನಿವೃತ್ತರು, ತಮ್ಮ ಇನ್ನೂ ಓದುತ್ತಿದ್ದಾನೆ. ಕೆಲಸ ಬಿಟ್ಟು ಕಾಲೇಜಿಗೆ ಹೋದರೆ ತಿಂಗಳ ಸಂಬಳ ನಿಲ್ಲುತ್ತದೆ. ಹೋಗದಿದ್ದರೆ ಉಪನ್ಯಾಸಕಿಯಾಗುವ ಕನಸು ನಿಲ್ಲುತ್ತದೆ. ಈ ಇಕ್ಕಟ್ಟಿಗೆ ಮನೆಯಲ್ಲಿದ್ದುಕೊಂಡೇ ಎಂ.ಕಾಂ. ಓದುವುದು ಉತ್ತರವಾಗಬಲ್ಲುದೇ ಎಂಬುದು ಇಂದು ಅನೇಕ ಹೆತ್ತವರ ಪ್ರಶ್ನೆ.

ಮೈಸೂರಿಗೆ ದೂರಶಿಕ್ಷಣ ಹೊಸತೇನಲ್ಲ. 1916ರಲ್ಲಿ ಸ್ಥಾಪನೆಗೊಂಡ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆ ಶಿಕ್ಷಣವನ್ನು ಆರಂಭಿಸಿತ್ತು. ಅದೇ ಬುನಾದಿಯ ಮೇಲೆ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಉದಯಿಸಿತು. ಅಂದು ಪಾಠದ ಹೊತ್ತಿಗೆಗಳು ಅಂಚೆಯಲ್ಲಿ ಬರುತ್ತಿದ್ದವು. ಇಂದು ಪಾಠವೇ ಮೊಬೈಲಿನ ಪರದೆಯ ಮೇಲೆ ಬರುತ್ತದೆ.

ಇಂತಹ ಶಿಕ್ಷಣಕ್ಕೆ ಈಗ ಸ್ಪಷ್ಟ ಕಾನೂನಿನ ಚೌಕಟ್ಟಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು (ಯುಜಿಸಿ) 2020ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಆನ್‌ಲೈನ್ ವ್ಯಾಸಂಗದಲ್ಲಿ ನಾಲ್ಕು ಅಂಗಗಳಿರಬೇಕು: ದೃಶ್ಯ-ಶ್ರವ್ಯ ಪಾಠ, ಓದುವ ಸಾಮಗ್ರಿ, ಗುರು-ಶಿಷ್ಯರ ಚರ್ಚೆ ಮತ್ತು ಮೌಲ್ಯಮಾಪನ. ಆಂತರಿಕ ಅಂಕಗಳು ಶೇಕಡಾ 30ನ್ನು ಮೀರುವಂತಿಲ್ಲ. ಉಳಿದುದನ್ನು ಅಂತಿಮ ಪರೀಕ್ಷೆಯಲ್ಲಿಯೇ ಗಳಿಸಬೇಕು. ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣದ ಅಥವಾ ಆನ್‌ಲೈನ್ ಪದವಿಯು ಕಾಲೇಜಿನಲ್ಲಿ ಕುಳಿತು ಪಡೆದ ಪದವಿಗೆ ಸಮಾನವೆಂದು ಆಯೋಗವು 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಆದ್ದರಿಂದ ಮನೆಯಲ್ಲಿ ಓದಿದ ಪದವಿಗೆ ಬೆಲೆಯಿಲ್ಲ ಎಂಬ ಹಳೆಯ ಮಾತನ್ನು ಇನ್ನು ಬದಿಗಿಡಬಹುದು.

ಆದರೆ ಮಾನ್ಯತೆ ಎಂಬ ಪದವನ್ನು ಹಗುರವಾಗಿ ಕಾಣುವಂತಿಲ್ಲ. ಆ ಪಾಠವನ್ನು ನಮ್ಮ ನಗರವೇ ಕಣ್ಣಾರೆ ಕಂಡಿದೆ. ರಾಜ್ಯದ ಗಡಿಯಾಚೆ ಅಧ್ಯಯನ ಕೇಂದ್ರಗಳನ್ನು ನಡೆಸಿದುದೇ ಮೊದಲಾದ ಕಾರಣಗಳನ್ನು ನೀಡಿ, 2012-13ರ ನಂತರ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆಯಿಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ಶುಲ್ಕ ಕಟ್ಟಿ, ರಾತ್ರಿ ನಿದ್ದೆಗೆಟ್ಟು ಓದಿದ ವಿದ್ಯಾರ್ಥಿಗಳು ತಾವು ಮಾಡದ ತಪ್ಪಿಗೆ ಅತಂತ್ರರಾದರು. 2018ರಲ್ಲಿ ಮಾನ್ಯತೆ ಮರಳಿ ದೊರೆತು ಸಂಸ್ಥೆ ಚೇತರಿಸಿಕೊಂಡಿತು. ಆದರೆ ನಡುವಿನ ವರ್ಷಗಳಲ್ಲಿ ಸಿಲುಕಿದವರ ವಯಸ್ಸು ಯಾರಿಗಾಗಿಯೂ ಕಾಯಲಿಲ್ಲ.

ಆದುದರಿಂದ ಪ್ರವೇಶ ಪಡೆಯುವ ಮುನ್ನ ಹೆತ್ತವರೂ ಮಕ್ಕಳೂ ಒಟ್ಟಿಗೆ ಕುಳಿತು ಕೆಲವು ಸಂಗತಿಗಳನ್ನು ಪರಿಶೀಲಿಸಬೇಕು. ವಿಶ್ವವಿದ್ಯಾನಿಲಯದ ಹೆಸರು ದೊಡ್ಡದೆಂಬುದಷ್ಟೇ ಸಾಲದು. ತಾವು ಸೇರುವ ವರ್ಷದಲ್ಲಿ, ತಾವು ಓದುವ ಎಂ.ಕಾಂ. ಪದವಿಗೆ, ತಾವು ಆರಿಸಿಕೊಂಡ ವಿಧಾನದಲ್ಲಿ ಅನುಮತಿ ಇದೆಯೇ ಎಂಬುದನ್ನು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಬೇಕು. ದೂರಶಿಕ್ಷಣಕ್ಕೆ ದೊರೆತ ಅನುಮತಿ ಆನ್‌ಲೈನ್ ಶಿಕ್ಷಣಕ್ಕೂ ಅನ್ವಯಿಸುತ್ತದೆಂದು ಭಾವಿಸಬಾರದು. ಮಧ್ಯವರ್ತಿಗಳ ಕೈಗೆ ಹಣ ಕೊಡದೆ, ಶುಲ್ಕವನ್ನು ನೇರವಾಗಿ ವಿಶ್ವವಿದ್ಯಾನಿಲಯಕ್ಕೇ ಕಟ್ಟಿ ರಸೀದಿ ಪಡೆಯಬೇಕು. ಹತ್ತು ರೂಪಾಯಿಯ ಸಾಮಾನಿಗೂ ಚೀಟಿ ಕೇಳುವ ನಾವು ಎರಡು ವರ್ಷದ ಬದುಕಿಗೆ ಚೀಟಿ ಕೇಳದಿರುವುದು ತರವೇ?

ಇನ್ನು ಓದಿನ ಮಾತು. ಬಿ.ಕಾಂ. ಮುಗಿಸಿ ಹತ್ತು ವರ್ಷ ಕಳೆದವರಿಗೆ ಈ ಕ್ಷೇತ್ರವೇ ಅಪರಿಚಿತವೆನಿಸಬಹುದು. ದೊಡ್ಡ ಕಂಪನಿಗಳಿಗೆ 2016ರ ಏಪ್ರಿಲ್‌ನಿಂದ ಹಂತಹಂತವಾಗಿ ಹೊಸ ಭಾರತೀಯ ಲೆಕ್ಕಪತ್ರ ಮಾನದಂಡಗಳು ಜಾರಿಗೆ ಬಂದವು; 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದಿತು. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡೂ ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಅನ್ವಯವಾಯಿತು. ಅಂಗಡಿಯಲ್ಲಿ ತೆರಿಗೆ ವಿವರ ಸಲ್ಲಿಸಿ ಪಳಗಿದ ಕೈಗೆ ಇವುಗಳ ಹಿಂದಿನ ತತ್ತ್ವ ಬೇಗನೆ ಹಿಡಿಯುತ್ತದೆ. ಕೆಲಸ ಮಾಡುತ್ತ ಓದುವವರಿಗೆ ಇರುವ ದೊಡ್ಡ ಅನುಕೂಲ ಇದೇ.

ಪರದೆಯ ಮೇಲಿನ ಪಾಠವನ್ನು ನೋಡಿದ ಮಾತ್ರಕ್ಕೆ ಲೆಕ್ಕ ಬಾರದು ಎಂಬುದನ್ನೂ ಮರೆಯಬಾರದು. ತಾಳೆಪಟ್ಟಿ ಎಲ್ಲಿ ತಪ್ಪಿತೆಂದು ಹುಡುಕಿ ಬೆವರಿದವನಿಗೇ ಲೆಕ್ಕ ಒಲಿಯುವುದು. ಪಾಠ ಕೇಳಿದ ದಿನವೇ ಕಾಗದ-ಪೆನ್ಸಿಲು ಹಿಡಿದು ನಾಲ್ಕು ಲೆಕ್ಕ ಬಿಡಿಸುವ ಅಭ್ಯಾಸ ಬೇಕು. ಒಂಟಿಯಾಗಿ ಓದುವವರ ಉತ್ಸಾಹ ಮೂರನೆಯ ತಿಂಗಳಿಗೆ ಕುಗ್ಗುವುದುಂಟು. ಇಬ್ಬರು ಮೂವರು ಕೂಡಿ ಓದಿದರೆ ಆ ಭಯವಿಲ್ಲ. ಭಾನುವಾರದ ಪೂಜೆಯ ನಂತರ ಧರ್ಮಕೇಂದ್ರದ ಒಂದು ಕೋಣೆಯನ್ನು ಎರಡು ಗಂಟೆ ತೆರೆದಿಟ್ಟರೂ ಸಾಕು, ಇಕ್ಕಟ್ಟಾದ ಮನೆಗಳ ಮಕ್ಕಳಿಗೆ ಅದು ದೊಡ್ಡ ಉಪಕಾರ.

ಪದವಿಯ ಫಲವೇನು? ಎಂ.ಕಾಂ. ಓದಿದ ಮಾತ್ರಕ್ಕೆ ಲೆಕ್ಕಪರಿಶೋಧಕರಾಗಿ ಸಹಿ ಹಾಕುವ ಅಧಿಕಾರ ಬಾರದು, ಅದಕ್ಕೆ ಸಿ.ಎ. ಪರೀಕ್ಷೆಯ ದಾರಿಯೇ ಬೇರೆ. ಆದರೆ ಶೇಕಡಾ 55 ಅಂಕಗಳೊಡನೆ ತೇರ್ಗಡೆಯಾದವರು ಎನ್.ಇ.ಟಿ. ಅಥವಾ ಕೆ-ಸೆಟ್ ಪರೀಕ್ಷೆ ಬರೆದು ಪದವಿ ಕಾಲೇಜಿನ ಅಧ್ಯಾಪನಕ್ಕೆ ಅರ್ಹರಾಗಬಹುದು. ಮೀಸಲು ವರ್ಗಗಳಿಗೆ ಅಂಕಗಳಲ್ಲಿ ರಿಯಾಯಿತಿಯೂ ಇದೆ.

ಜೋಡಿ ನಮೂದು ಪದ್ಧತಿಯನ್ನು ವಿವರಿಸುವ ಗ್ರಂಥವನ್ನು 1494ರಲ್ಲಿ ವೆನಿಸ್ ನಗರದಲ್ಲಿ ಮುದ್ರಿಸಿದ ಲೂಕಾ ಪಾಚಿಯೋಲಿ ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿ. ಆ ಪದ್ಧತಿ ಅವರು ಸೃಷ್ಟಿಸಿದ್ದಲ್ಲ; ಪೇಟೆಯ ವರ್ತಕರಲ್ಲಿ ರೂಢಿಯಲ್ಲಿದ್ದುದನ್ನು ಅವರು ಪುಸ್ತಕಕ್ಕೆ ತಂದರು. ಪೇಟೆಯ ಅರಿವೇ ಅಂದು ಶಾಸ್ತ್ರವಾಯಿತು. ಮಂಡಿ ಮೊಹಲ್ಲಾದ ಅಂಗಡಿಯಲ್ಲಿ ಹಗಲು ಲೆಕ್ಕ ಬರೆದು ರಾತ್ರಿ ಪುಸ್ತಕ ತೆರೆಯುವ ಮಗಳು ಅದೇ ದಾರಿಯಲ್ಲಿ ನಡೆಯುತ್ತಿದ್ದಾಳೆ. ಅವಳು ಓದಲು ಕುಳಿತಾಗ ಟಿ.ವಿ.ಯ ಸದ್ದನ್ನು ಕೊಂಚ ತಗ್ಗಿಸಿ, ಅಡುಗೆಮನೆಯ ಕೆಲಸದಲ್ಲಿ ತಮ್ಮನೂ ಒಂದು ಕೈ ಹಾಕಿದರೆ, ಆ ಪದವಿಯಲ್ಲಿ ಇಡೀ ಮನೆಗೆ ಪಾಲಿರುತ್ತದೆ.