ಜನಾರೋಗ್ಯಶಾಸ್ತ್ರದ ಸ್ನಾತಕೋತ್ತರ ಪದವಿ: ಅಧಿಕಾರಿವಿಚಾರ

ಯಾವ ಶಾಸ್ತ್ರವನ್ನು ಆರಂಭಿಸಬೇಕಾದರೂ ಅದರ ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು ಎಂಬ ನಾಲ್ಕನ್ನು ಮೊದಲು ನಿರ್ಣಯಿಸತಕ್ಕದ್ದೆಂಬುದು ಪೂರ್ವಿಕರ ಕ್ರಮ. ಇಂಗ್ಲೀಷಿನಲ್ಲಿ ‘ಪಬ್ಲಿಕ್ ಹೆಲ್ತ್’ ಎನಿಸಿಕೊಂಡಿರುವ ಜನಾರೋಗ್ಯಶಾಸ್ತ್ರದಲ್ಲಿ ಮೊದಲಿನ ಎರಡರ ಬಗೆಗೆ ಹೆಚ್ಚು ವಿವಾದವಿಲ್ಲ. ಒಬ್ಬ ರೋಗಿಯ ದೇಹವಲ್ಲ, ಒಂದು ಊರಿನ ಅಥವಾ ನಾಡಿನ ಜನಸಮುದಾಯವೇ ಅದರ ವಿಷಯ. ರೋಗವು ಬಾರದಂತೆ ತಡೆಯುವುದೂ ಆಯುಸ್ಸನ್ನು ಹೆಚ್ಚಿಸುವುದೂ ಅದರ ಪ್ರಯೋಜನ. ಅಧಿಕಾರಿ ಯಾರೆಂಬಲ್ಲಿ ಮಾತ್ರ ಒಂದೂವರೆ ಶತಮಾನದಿಂದ ಅಭಿಪ್ರಾಯಭೇದವು ನಡೆದುಬಂದಿದೆ. ಈ ಶಾಸ್ತ್ರದ ಸ್ನಾತಕೋತ್ತರ ಪದವಿಗೆ ಇಂದು ವಿಧಿಸಿರುವ ನಿಯಮಗಳಲ್ಲಿ ಬಹುಭಾಗವು ಈ ಪ್ರಶ್ನೆಗೆ ಕೊಟ್ಟ ಉತ್ತರವೇ ಎಂದು ಭಾವಿಸಿದರೆ ಅವುಗಳ ಅರ್ಥವು ತಿಳಿಯಾಗುತ್ತದೆ.

ಪ್ರಶ್ನೆಯು ಹಳೆಯದು. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯವೆಂದು ಹೆಸರು. ಗಂಗಾತೀರದ ಕಾಂಪಿಲ್ಯದಲ್ಲಿ ಆತ್ರೇಯನನ್ನು ಶಿಷ್ಯನಾದ ಅಗ್ನಿವೇಶನು ಕೇಳುವುದಿಷ್ಟು: ಪ್ರಕೃತಿ, ಆಹಾರ, ಬಲ, ವಯಸ್ಸುಗಳಲ್ಲಿ ಒಬ್ಬರಂತೆ ಒಬ್ಬರಿಲ್ಲದ ಮನುಷ್ಯರು ಏಕಕಾಲದಲ್ಲಿ ಒಂದೇ ರೋಗದಿಂದ ಹೇಗೆ ನಾಶವಾಗುತ್ತಾರೆ? ಎಲ್ಲರಿಗೂ ಸಮಾನವಾದ ಗಾಳಿ, ನೀರು, ನೆಲ, ಕಾಲ ಈ ನಾಲ್ಕು ಕೆಟ್ಟಾಗ ಹಾಗಾಗುತ್ತದೆಂಬುದು ಗುರುವಿನ ಉತ್ತರ. ಇದನ್ನು ನೋಡಿ ಆಧುನಿಕ ಶಾಸ್ತ್ರವೆಲ್ಲವೂ ಚರಕನಲ್ಲಿದೆಯೆಂದು ಹೇಳುವುದು ಸಾಹಸವಾದೀತು. ಏಕೆಂದರೆ ಅಲ್ಲಿ ಪ್ರಶ್ನೆಯಿದೆ, ಗಣನೆಯಿಲ್ಲ. ಎಷ್ಟು ಮಂದಿ, ಯಾವ ಬೀದಿಯವರು, ಯಾವ ಬಾವಿಯ ನೀರನ್ನು ಕುಡಿದವರು ಸತ್ತರೆಂದು ಎಣಿಸಿ, ಬದುಕಿದವರೊಡನೆ ಹೋಲಿಸಿ, ಅದರಿಂದ ಕಾರಣವನ್ನು ಊಹಿಸುವ ಕ್ರಮವು ಈಚಿನದು.

ಆ ಕ್ರಮಕ್ಕೆ ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯಲ್ಲಿ ಕಾಣಿಸಿಕೊಂಡ ವಾಂತಿಭೇದಿಯು ಪ್ರಸಿದ್ಧವಾದ ಉದಾಹರಣೆ. ಕೆಲವೇ ವಾರಗಳಲ್ಲಿ ೬೦೦ಕ್ಕೂ ಹೆಚ್ಚು ಜನರು ಸತ್ತರು. ಮರಣಗಳು ಒಂದು ನೀರಿನ ಪಂಪಿನ ಸುತ್ತ ಕವಿದಿರುವುದನ್ನು ಜಾನ್ ಸ್ನೋ ಎಂಬ ವೈದ್ಯನು ತೋರಿಸಿಕೊಟ್ಟನು. ಪಂಪಿನ ಹಿಡಿಯನ್ನು ತೆಗೆಸಲಾಯಿತು. ಇಷ್ಟು ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಸ್ನೋ ಒಬ್ಬನೇ ಅದನ್ನು ಸಾಧಿಸಲಿಲ್ಲ. ಮರಣಗಳ ಪಟ್ಟಿಯು ಅವನಿಗೆ ದೊರೆತುದು ಜನನಮರಣಗಳ ಲೆಕ್ಕವಿಡುವ ಸರ್ಕಾರಿ ಕಛೇರಿಯ ವಿಲಿಯಂ ಫಾರನಿಂದ. ಹೆನ್ರಿ ವೈಟ್‌ಹೆಡ್ ಎಂಬ ಅಲ್ಲಿಯ ಪಾದ್ರಿಯು ಸ್ನೋವಿನ ವಾದವನ್ನು ಮೊದಲು ನಂಬಲಿಲ್ಲ. ಅದನ್ನು ಖಂಡಿಸಬೇಕೆಂದೇ ಮನೆಮನೆಗೆ ಹೋಗಿ ವಿಚಾರಿಸಿದವನು ಕೊನೆಗೆ ಅದೇ ವಾದಕ್ಕೆ ಬಲವಾದ ಸಾಕ್ಷ್ಯವನ್ನು ಒದಗಿಸಿದನು. ಬಾವಿಯ ಪಕ್ಕದ ಮನೆಯಲ್ಲಿ ಮೊದಲು ಕಾಯಿಲೆಬಿದ್ದ ಹಸುಗೂಸಿನ ವಿಚಾರವನ್ನು ಪತ್ತೆಹಚ್ಚಿದವನು ಅವನೇ. ಪೂರ್ವಪಕ್ಷಿಯೇ ಸಿದ್ಧಾಂತಿಯಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಅದಕ್ಕೂ ಹಿಂದೆ ೧೮೪೨ರಲ್ಲಿ ಕೂಲಿಕಾರರ ವಾಸಸ್ಥಳಗಳ ನೈರ್ಮಲ್ಯವನ್ನು ಕುರಿತು ದೊಡ್ಡ ವರದಿಯನ್ನು ಬರೆದ ಎಡ್ವಿನ್ ಚಾಡ್ವಿಕ್ಕನು ವಕೀಲಿಯನ್ನು ಓದಿದವನು.

ಹೀಗೆ ಶಾಸ್ತ್ರವನ್ನು ಕಟ್ಟಿದವರು ನಾನಾ ವೃತ್ತಿಯವರಾಗಿದ್ದರೂ ಪದವಿಯು ಬಹುಕಾಲ ವೈದ್ಯರಿಗೇ ಮೀಸಲಾಗಿತ್ತು. ೧೮೭೧ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಆರಂಭಿಸಿದ ಅರ್ಹತಾಪತ್ರವೂ, ಅನಂತರ ಬ್ರಿಟನ್ನಿನಲ್ಲಿ ಹರಡಿದ ಡಿಪ್ಲೊಮಾ ಪರೀಕ್ಷೆಗಳೂ ವೈದ್ಯರಿಗಾಗಿ ಏರ್ಪಟ್ಟವು. ಅಮೆರಿಕದಲ್ಲಿ ೧೯೧೫ರ ವೆಲ್ಚ್–ರೋಸ್ ವರದಿಯನ್ನನುಸರಿಸಿ, ರಾಕ್‌ಫೆಲರ್ ಸಂಸ್ಥೆಯ ಧನಸಹಾಯದಿಂದ ೧೯೧೬ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರಕ್ಕೆ ಪ್ರತ್ಯೇಕವಾದ ಶಾಲೆಯು ಹುಟ್ಟಿತು. ವೈದ್ಯಕೀಯ ಕಾಲೇಜಿನ ಒಂದು ಮೂಲೆಯಾಗಿದ್ದ ವಿದ್ಯೆಗೆ ಸ್ವಂತ ಮನೆಯೊಂದು ಆದಮೇಲೆ ಕ್ರಮೇಣ ಇತರರಿಗೂ ಬಾಗಿಲು ತೆರೆಯಿತು.

ಇಂದು ಅಮೆರಿಕದಲ್ಲಿ ಇಂತಹ ಶಾಲೆಗಳಿಗೆ ಮಾನ್ಯತೆ ಕೊಡುವುದು ೧೯೭೪ರಲ್ಲಿ ಏರ್ಪಟ್ಟ ಒಂದು ಶಿಕ್ಷಣಮಂಡಲಿ. ಅದರ ನಿಬಂಧನೆಯಂತೆ ‘ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್’ ಪದವಿಗೆ ಕನಿಷ್ಠಪಕ್ಷ ೪೨ ಸೆಮಿಸ್ಟರ್ ಕ್ರೆಡಿಟ್ಟುಗಳ ವ್ಯಾಸಂಗ ಬೇಕು. ಸುಮಾರು ಹದಿನೈದು ವಾರಗಳ ಒಂದು ಅವಧಿಯಲ್ಲಿ ವಾರಕ್ಕೊಂದು ಗಂಟೆಯ ಪಾಠವೂ ಅದಕ್ಕೆ ತಕ್ಕ ಮನೆಯ ಅಭ್ಯಾಸವೂ ಸೇರಿದರೆ ಒಂದು ಕ್ರೆಡಿಟ್ಟು ಎಂದು ಸ್ಥೂಲವಾಗಿ ತಿಳಿಯಬಹುದು. ಪ್ರವೇಶಕ್ಕೆ ಯಾವುದಾದರೊಂದು ವಿಷಯದ ಸ್ನಾತಕಪದವಿಯು ಸಾಕಾಗುವುದು ಸಾಮಾನ್ಯ. ಕೆಲವು ಶಾಲೆಗಳು ಸೇವಾನುಭವವನ್ನೂ ಅಪೇಕ್ಷಿಸುತ್ತವೆ. ಜೀವಸಂಖ್ಯಾಶಾಸ್ತ್ರ, ಸಮುದಾಯದಲ್ಲಿ ರೋಗಗಳ ಹಂಚಿಕೆಯನ್ನೂ ಕಾರಣವನ್ನೂ ವಿಚಾರಿಸುವ ಎಪಿಡೀಮಿಯಾಲಜಿ, ಪರಿಸರಾರೋಗ್ಯ, ಆರೋಗ್ಯನೀತಿ ಮತ್ತು ಆಡಳಿತ, ಸಮಾಜ ಹಾಗೂ ನಡವಳಿಕೆಯ ವಿಚಾರ ಇವು ಪರಂಪರೆಯಿಂದ ಬಂದ ಐದು ಅಂಗಗಳು. ೨೦೧೬ರ ನಿಬಂಧನೆಗಳು ಬರಿಯ ಅಂಗವಿಭಾಗವನ್ನು ಬಿಟ್ಟು, ವಿದ್ಯಾರ್ಥಿಯು ಮಾಡಿ ತೋರಿಸಬೇಕಾದ ೨೨ ಮೂಲಸಾಮರ್ಥ್ಯಗಳನ್ನು ಹೇಳಿದವು. ಪಾಠವನ್ನು ಕೇಳಿದರೆ ಸಾಲದು. ಪ್ರತಿಯೊಂದು ಸಾಮರ್ಥ್ಯವೂ ಪರೀಕ್ಷಿತವಾಗಬೇಕು.

ಎಲ್ಲಕ್ಕಿಂತಲೂ ವಿಚಾರಾರ್ಹವಾದುದು ಕ್ಷೇತ್ರಾಭ್ಯಾಸದ ನಿಯಮ. ಇಷ್ಟು ಗಂಟೆಗಳ ಕಾಲ ಹೊರಗೆ ದುಡಿಯಬೇಕೆಂದು ಮಂಡಲಿಯು ವಿಧಿಸಿಲ್ಲ. ಅದಕ್ಕೆ ಬದಲಾಗಿ, ಆರೋಗ್ಯ ಇಲಾಖೆಗೋ ಆಸ್ಪತ್ರೆಗೋ ಸೇವಾಸಂಸ್ಥೆಗೋ ನಿಜವಾಗಿ ಉಪಯೋಗಕ್ಕೆ ಬರುವ ಎರಡು ಕೃತಿಗಳನ್ನಾದರೂ ವಿದ್ಯಾರ್ಥಿಯು ಸಿದ್ಧಪಡಿಸಬೇಕೆಂದು ಹೇಳಿದೆ. ಅದು ಸಮೀಕ್ಷೆಯ ವರದಿಯಾಗಬಹುದು, ಕಾರ್ಯಕರ್ತರಿಗೆ ತರಬೇತಿಯ ಕೈಪಿಡಿಯಾಗಬಹುದು, ಆಯವ್ಯಯದ ಅಂದಾಜಾಗಬಹುದು. ವ್ಯಾಸಂಗದ ಕೊನೆಯಲ್ಲಿ ಕಲಿತುದನ್ನೆಲ್ಲ ಒಂದುಗೂಡಿಸುವ ಉತ್ತಮವಾದ ಲಿಖಿತಕೃತಿಯೂ ಬೇಕು. ಸುಶ್ರುತನು ಯೋಗ್ಯಾಸೂತ್ರೀಯಾಧ್ಯಾಯದಲ್ಲಿ, ಶಾಸ್ತ್ರವನ್ನೆಲ್ಲ ಓದಿದ ಶಿಷ್ಯನೂ ಕುಂಬಳ, ಸೋರೆ ಮೊದಲಾದ ಕಾಯಿಗಳನ್ನು ಕೊಯ್ದು ಕೈ ಪಳಗಿಸಿಕೊಳ್ಳದಿದ್ದರೆ ಕರ್ಮಕ್ಕೆ ಅಯೋಗ್ಯನೆನ್ನುವನಷ್ಟೆ. ತತ್ತ್ವವು ಎರಡೂ ಕಡೆ ಒಂದೇ. ಆದರೆ ಜನಸಮುದಾಯಕ್ಕೆ ಬದಲಾಗಿ ಇಡಬಹುದಾದ ಕುಂಬಳಕಾಯಿ ಇಲ್ಲ. ಇಲ್ಲಿಯ ಅಭ್ಯಾಸವು ಜನರ ನಡುವೆಯೇ ನಡೆಯಬೇಕಾದುದರಿಂದ, ಅವರಿಗೆ ಏನಾದರೂ ಪ್ರಯೋಜನವಾಗದೆ ಅದು ಅಭ್ಯಾಸವೆನಿಸಲಾರದು.

ಭಾರತದಲ್ಲಿ ಎರಡು ದಾರಿಗಳಿವೆ. ಕಲ್ಕತ್ತೆಯಲ್ಲಿ ೧೯೩೨ರಲ್ಲಿ ಸ್ಥಾಪಿತವಾದ ಅಖಿಲ ಭಾರತ ನೈರ್ಮಲ್ಯ ಮತ್ತು ಜನಾರೋಗ್ಯ ಸಂಸ್ಥೆಯ ಕಾಲದಿಂದ ವೈದ್ಯರ ದಾರಿಯು ನಡೆದುಬಂದಿದೆ. ಈಗ ಅದು ಎಂ.ಬಿ.ಬಿ.ಎಸ್. ಆದವರಿಗೆ ಮೂರು ವರ್ಷಗಳ ವ್ಯಾಸಂಗವೂ ಪ್ರಬಂಧವೂ ಉಳ್ಳ ಸಮುದಾಯವೈದ್ಯದ ಎಂ.ಡಿ. ಪದವಿಯಾಗಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ೧೯೯೭ರಲ್ಲಿ ಎಂ.ಪಿ.ಎಚ್. ಪದವಿಯನ್ನು ಆರಂಭಿಸಿದ ಮೇಲೆ ಎರಡನೆಯ ದಾರಿಯು ವಿಸ್ತರಿಸಿತು. ಮಣಿಪಾಲ, ಮೈಸೂರು, ಬೆಂಗಳೂರುಗಳಲ್ಲಿಯೂ ಈಗ ಅದರ ಬೋಧನೆಯುಂಟು, ಅವಧಿಯು ಸಾಮಾನ್ಯವಾಗಿ ಎರಡು ವರ್ಷ, ವೈದ್ಯೇತರರಿಗೂ ಪ್ರವೇಶವಿದೆ. ಇದರಿಂದ ಚಿಕಿತ್ಸೆ ಮಾಡುವ ಹಕ್ಕು ಬರುವುದಿಲ್ಲವೆಂಬುದನ್ನು ಸೇರುವವರು ಮೊದಲೇ ತಿಳಿದಿರತಕ್ಕದ್ದು. ಚಿಕಿತ್ಸೆಯ ಹಕ್ಕಿಲ್ಲದವನಿಗೆ ಜನಾರೋಗ್ಯದಲ್ಲಿ ಏನು ಕೆಲಸವೆಂಬ ಆಕ್ಷೇಪಕ್ಕೆ ಬ್ರಾಡ್ ಬೀದಿಯ ಪಾದ್ರಿಯೇ ಸಮಾಧಾನ. ಬೆಂಗಳೂರಿಗೆ ೧೮೯೮ರಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನರು ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳಿಗೆ ಸರಿದುದೂ ಔಷಧಿಯ ಕೆಲಸವಲ್ಲ, ನಗರವನ್ನು ಅಳೆದು ಕಟ್ಟುವವರ ಕೆಲಸ.

ಕರ್ಣಾಟಕದಲ್ಲಿ ಕ್ಷೇತ್ರಾಭ್ಯಾಸದ ನಿಯಮವು ಸಾರ್ಥಕವಾಗಬೇಕಾದರೆ ವಿದ್ಯಾರ್ಥಿಯ ಕೃತಿಯು ಗ್ರಾಮಪಂಚಾಯತಿಯ ಸದಸ್ಯರೂ ಆಶಾ ಕಾರ್ಯಕರ್ತೆಯರೂ ಓದಬಲ್ಲ ಭಾಷೆಯಲ್ಲಿರಬೇಕು, ಎಂದರೆ ಕನ್ನಡದಲ್ಲಿರಬೇಕು. ಇಲ್ಲಿಯೇ ಭಾಷಾಪಂಡಿತರ ಹೊಣೆಯು ಬರುತ್ತದೆ. ಎಪಿಡೀಮಿಯಾಲಜಿಯನ್ನು ಸಾಂಕ್ರಾಮಿಕ ರೋಗಶಾಸ್ತ್ರವೆನ್ನುವ ರೂಢಿಯುಂಟು. ಅದು ಅವ್ಯಾಪ್ತಿದೋಷದಿಂದ ಕೂಡಿದುದು. ಒಬ್ಬರಿಂದೊಬ್ಬರಿಗೆ ಅಂಟದ ಹೃದ್ರೋಗ, ಮಧುಮೇಹಗಳೂ ಆ ಶಾಸ್ತ್ರದ ವಿಷಯವೇ. ಗ್ರೀಕ್ ಮೂಲದಲ್ಲಿ ‘ದೇಮೋಸ್’ ಎಂದರೆ ಜನ, ಜನಪದ. ಆದುದರಿಂದ ಚರಕನ ಮಾತನ್ನೇ ಹಿಡಿದು ಜನಪದರೋಗಶಾಸ್ತ್ರವೆನ್ನೋಣವೆಂದರೆ, ಕನ್ನಡದಲ್ಲಿ ಜನಪದವೆಂಬುದು ಹಾಡು ಕಥೆಗಳ ಕಡೆಗೆ ವಾಲಿಬಿಟ್ಟಿರುವುದರಿಂದ ನಾಟಿವೈದ್ಯವೆಂಬ ಭ್ರಾಂತಿಯುಂಟಾಗುತ್ತದೆ. ಸಮುದಾಯರೋಗಶಾಸ್ತ್ರವೆಂಬುದು ಸದ್ಯಕ್ಕೆ ನಿರ್ದುಷ್ಟವಾಗಿ ಕಾಣುತ್ತದೆ.

ಇದಕ್ಕಿಂತಲೂ ತೊಡಕಾದುದು ಎರಡು ಲೆಕ್ಕಗಳ ಹೆಸರು. ಒಂದು ವರ್ಷದಲ್ಲಿ ಹೊಸದಾಗಿ ರೋಗಕ್ಕೆ ಸಿಕ್ಕಿದವರ ಲೆಕ್ಕ ಒಂದು. ಗೊತ್ತಾದ ಒಂದು ದಿನ ಆ ರೋಗವುಳ್ಳವರೆಲ್ಲರ ಲೆಕ್ಕ ಇನ್ನೊಂದು. ಎರಡಕ್ಕೂ ‘ರೋಗದ ಪ್ರಮಾಣ’ ಎಂದುಬಿಟ್ಟರೆ ಅನರ್ಥವಾಗುತ್ತದೆ. ಮಧುಮೇಹಿಗಳಿಗೆ ಒಳ್ಳೆಯ ಚಿಕಿತ್ಸೆ ದೊರೆತು ಅವರು ಹೆಚ್ಚು ಕಾಲ ಬದುಕಿದರೆ, ಹೊಸ ರೋಗಿಗಳು ಹೆಚ್ಚದಿದ್ದರೂ ಎರಡನೆಯ ಲೆಕ್ಕವು ಏರುತ್ತದೆ. ಪ್ರಮಾಣ ಏರಿತೆಂದು ಮಾತ್ರ ಓದಿದ ಪಂಚಾಯತಿಯು ಚಿಕಿತ್ಸೆಯು ವ್ಯರ್ಥವಾಯಿತೆಂದು ನಿಶ್ಚಯಿಸಿದರೆ ತಪ್ಪು ಓದಿದವರದಲ್ಲ, ಬರೆದವರದು. ಮೊದಲನೆಯದನ್ನು ನವರೋಗಿಸಂಖ್ಯೆಯೆಂದೂ ಎರಡನೆಯದನ್ನು ಒಟ್ಟು ರೋಗಿಸಂಖ್ಯೆಯೆಂದೂ ಕರೆಯಬಹುದು. ಎರಡನೆಯದಕ್ಕೆ ‘ವ್ಯಾಪ್ತಿ’ಯೆಂಬುದು ಅಡಕವಾಗಿದ್ದರೂ ತರ್ಕವನ್ನೋದಿದವರು ಅದನ್ನು ಒಪ್ಪುವಂತಿಲ್ಲ, ಅವರಿಗೆ ಅದು ಹೊಗೆಗೂ ಬೆಂಕಿಗೂ ಇರುವ ಸಂಬಂಧ.